ಯಾವ ಮನೆಯವನು?

ಪುತ್ತರಿಗೆ ಇನ್ನು ಆರು ದಿನ.
ನನ್ನ ಬೈಕಿನ ಹಿಂದೆ ಅರವತ್ತೆರಡು ಪೊಟ್ಟಣ.
ನಾಪೋಕ್ಲು ಪೇಟೆ ದಾಟಿ ಬೇತು, ಅಲ್ಲಿಂದ ಕಕ್ಕಬ್ಬೆ,
ದಾರಿಯುದ್ದಕ್ಕೂ ಹಣ್ಣುಕಾಫಿಯ ಹುಳಿವಾಸನೆ.

ಹಬ್ಬ ಬಂತೆಂದರೆ ಊರಿಗೆಲ್ಲ ನಾನೇ ನೆಂಟ.
"ಉನೈಸ್ ಬಂದ" ಎಂದು ನಾಯಿಗಳಿಗೂ ಗೊತ್ತು.
ಆದರೆ ಡಬ್ಬಿ ಬಿಚ್ಚಿದಾಗ ಮಿಕ್ಸಿಯ ಬದಲು
ಎರಡು ಬಟ್ಟೆಸೋಪು, ಒಂದು ಇಟ್ಟಿಗೆಚೂರು ಬಿದ್ದರೆ
ಬೈಯಲು ಸಿಗುವ ಮುಖವೂ ನನ್ನದೇ.
ಕಳಿಸಿದವನಿಗೆ ಮುಖವಿಲ್ಲ.
ಅವನಿಗಿರುವುದು ಮಿನುಗುವ ಒಂದು ಹೆಸರು,
ಐದು ನಕ್ಷತ್ರ,
ಕೆಳಗೆ ಯಾರೋ ಯಾರನ್ನೋ ಹೊಗಳಿದ ನಾಲ್ಕು ಸಾಲು.

ಹಾಗಾಗಿ ಮೆಟ್ಟಿಲು ಮೆಟ್ಟಿಲಲ್ಲೂ ಹೇಳುತ್ತ ಬಂದೆ:
ತರಿಸಿದ್ದು ಯಾರೆಂದು ಮನೆಯಲ್ಲಿ ಕೇಳಿ, ಆಮೇಲೆ ದುಡ್ಡು ಕೊಡಿ.
ಬಿಚ್ಚುವಾಗ ಮಗನ ಕೈಯಲ್ಲಿ ವಿಡಿಯೊ ಮಾಡಿಸಿ.
ತಲೆ ಆಡಿಸುತ್ತಾರೆ. ಕತ್ತರಿ ಹುಡುಕುತ್ತಾರೆ.

ನರ್ಸ್ ಚೋಂದಮ್ಮ ಅಂಗಳದ ಕಟ್ಟೆಯ ಮೇಲೆ ಕೂತು
ತಂಬಿಟ್ಟಿಗೆ ಬಾಳೆಹಣ್ಣು ಆರಿಸುತ್ತಿದ್ದರು.
ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಆ ಕಟ್ಟೆಯಲ್ಲಿ ಮಾತ್ರ.
ನಾನು ಗೇಟು ತೆಗೆಯುವುದಕ್ಕೂ
ಅವರ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು.

"ಮೇಡಂ, ನಿಮ್ಮ ಪಾರ್ಸೆಲ್ ಮೈಸೂರಲ್ಲಿ ನಿಂತುಹೋಗಿದೆ.
ಅಡ್ರೆಸ್ ತಪ್ಪು. ಬರೀ ಐದು ರೂಪಾಯಿ.
ಲಿಂಕ್ ಒತ್ತಿ, ಆಮೇಲೆ ಬರುವ ನಂಬರ್ ಓದಿ."
ಬೆಲ್ಲದ ಪಾಕದಂಥ ಗಂಟಲು.

ಚೋಂದಮ್ಮ ನನ್ನನ್ನು ನೋಡಿದರು,
ನನ್ನ ಕೈಯ ಡಬ್ಬಿ ನೋಡಿದರು,
ಡಬ್ಬಿಯ ಮೇಲಿನ ತನ್ನ ಹೆಸರು ನೋಡಿದರು.
ಸ್ಪೀಕರ್ ಒತ್ತಿ ಕೇಳಿದರು:
"ಮಗ, ನೀನು ಯಾವ ಮನೆಯವನು?"
"ಕಂಪನಿಯಿಂದ, ಮೇಡಂ."
"ಕಂಪನಿ ಅಂತ ಒಕ್ಕದ ಹೆಸರು ನಾನು ಕೇಳಿಲ್ಲ. ಯಾವ ನಾಡು?
ತಾಯಿಯ ತವರು ಎಲ್ಲಿ?"
"ಮೇಡಂ, ಒಂಬತ್ತೇ ನಿಮಿಷ ಉಳಿದಿದೆ, ಆಮೇಲೆ ವಾಪಸ್..."
"ಗದ್ದೆಯಲ್ಲಿ ಕದಿರು ಬಾಗಿ ನಿಂತಿದ್ದರೂ
ಗಳಿಗೆ ಕೂಡಿ ಕೋವಿ ಹಾರುವ ತನಕ
ಕತ್ತಿ ಇಡದ ಜನ ನಾವು. ನೀನೂ ಸ್ವಲ್ಪ ಕಾಯಿ."
ಫೋನು ಕಟ್ಟೆಯ ಮೇಲಿಟ್ಟು ಹಣ್ಣಿಗೆ ಕೈ ಹಾಕಿದರು.
ಅದು ಒಂದಷ್ಟು ಹೊತ್ತು ಒಬ್ಬನೇ ಮಾತಾಡಿ
ಬಾಯಿ ಮುಚ್ಚಿತು.

ನಕ್ಕೆ. ನಗು ಅರ್ಧಕ್ಕೇ ಗಂಟಲಲ್ಲಿ ಸಿಕ್ಕಿಕೊಂಡಿತು.

ಯಾರಿಗೂ ಹೇಳಿರಲಿಲ್ಲ.
ನಿನ್ನೆ ರಾತ್ರಿ ಹನ್ನೊಂದೂವರೆ, ಬೆನ್ನು ಬಿರಿಯುವ ನೋವು,
ಮಗಳು ನಸೀಹಾ ಎರಡು ಸಲ ಕೇಳಿದ್ದ ಕೆಂಪು ಸೈಕಲ್ಲು,
ಹನ್ನೊಂದು ಸಾವಿರದ್ದು, ಹಬ್ಬಕ್ಕೆಂದು
ಸಾವಿರದ ಎಂಟುನೂರ ತೊಂಬತ್ತೊಂಬತ್ತು.
ಡಬ್ಬಿಯ ತೂಕದಲ್ಲೇ ಮೋಸ ಹಿಡಿಯುವ ನಾನು
ಕಣ್ಣು ಮುಚ್ಚುತ್ತ ಬೆರಳು ಒತ್ತಿದ್ದೆ.
ಬೆಳಗ್ಗೆ ನೋಡಿದರೆ ಅಂಗಡಿಯೇ ಇಲ್ಲ.
ಹೆಸರಿನಲ್ಲೊಂದು ಅಕ್ಷರ ಹೆಚ್ಚಿತ್ತೆಂದು ಕಂಡದ್ದು ಆಗಲೇ.

"ನೀನೂನಾ?" ಅನ್ನಲಿಲ್ಲ ಚೋಂದಮ್ಮ.
ಹಾವು ಕಚ್ಚಿ ಬಂದವರನ್ನು ಕೇಳುವ ಹಾಗೆ
"ಎಷ್ಟು ಹೊತ್ತಾಯಿತು?" ಎಂದರು.
"ಹತ್ತು ಗಂಟೆ ಮೇಲಾಯಿತು."
"ಹತ್ತು ಇಲ್ಲಿ. ೧೯೩೦ಕ್ಕೆ ಮಾಡು. ಆಮೇಲೆ ಬ್ಯಾಂಕಿಗೆ.
ನಾಚಿಕೆ ಸಂಜೆ ಪಡು, ಈಗ ಪುರುಸೊತ್ತಿಲ್ಲ."

ಕಟ್ಟೆ ಹತ್ತಿ ನಿಂತೆ. ಎರಡು ಗೀಟು ಸಿಗ್ನಲ್.
ದೂರಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ,
ಬೆವರಿಗೆ ಕೊನೆಯ ಎರಡಂಕಿ ಅಳಿಸುವ ಮೊದಲೇ
ಚೀಟಿಗೆ ಇಳಿಸಿದೆ.
ದುಡ್ಡು ಬಂದೀತು, ಬಾರದೆಯೂ ಇದ್ದೀತು.
ನಸೀಹಾಗೆ ಇವತ್ತು ಇದ್ದದ್ದು ಇದ್ದ ಹಾಗೆ ಹೇಳಬೇಕು.

ಕಕ್ಕಬ್ಬೆಯ ತಿರುವಿನಲ್ಲಿ ಚೀಲಕ್ಕೆ ಕೈ ಹಾಕಿದರೆ
ಚೋಂದಮ್ಮನ ಡಬ್ಬಿ ಇನ್ನೂ ನನ್ನ ಬಳಿಯೇ!
ಕಳ್ಳ ಹೇಳಿದ್ದೇ ನಿಜವಾಗಿತ್ತು:
ಪಾರ್ಸೆಲ್ ನಿಂತುಹೋಗಿತ್ತು.

ಬೈಕು ತಿರುಗಿಸಿದೆ. ಮಬ್ಬು ಕವಿಯುತ್ತಿತ್ತು.
ಗೇಟಿನಲ್ಲೇ ಕೈ ಚಾಚಿ ನಿಂತಿದ್ದರು,
ಕೈಯಲ್ಲಿ ನನಗೆಂದು ಎರಡು ಬಾಳೆಹಣ್ಣು.
"ಏನೋ ಉನೈಸ್, ಅಡ್ರೆಸ್ ತಪ್ಪಾ?
ಐದು ರೂಪಾಯಿ ಕೊಡಬೇಕಾ?"