ನೀರುಬಾಗಿಲು

ಸೊಲ್ಲಾಪುರದ ಚಾದರಕ್ಕೆ ನವಿಲು ತೆಗೆಯುವ
ಗ್ರಾಫ್ ಹಾಳೆಯಲ್ಲೇ ಈ ಊರನ್ನೂ ತೆಗೆದೆ.
ಒಂದು ಚೌಕ ಅಂದರೆ ನೂರು ಹೆಜ್ಜೆ,
ಕೆಂಪು ಗೆರೆ ಕೋಟೆ, ನೀಲಿ ಗೆರೆ ಕಂದಕ,
ಹದಿನೇಳನೇ ಶತಮಾನದ ಯಾವುದೋ ಬೇಸಗೆ.
ಹೆಸರಿಟ್ಟಿಲ್ಲ. ಇಟ್ಟರೆ
ಆ ಊರಿನವರು ಯಾರಾದರೂ
ನಮ್ಮ ಸಾಖರ ಪೇಟೆಯಲ್ಲೇ ಸಿಕ್ಕಿಬಿಡುತ್ತಾರೆ.

ಶುಕ್ರವಾರ ಮಗ್ಗಕ್ಕೆ ಕರೆಂಟಿಲ್ಲ.
ನಮಾಜು ಮುಗಿಸಿ ಚಾಂದಸಾಬ ನದಾಫ ಬರುತ್ತಾನೆ,
ಕಿಸೆಯಲ್ಲಿ ಶೇಂಗಾ.
ಚಪ್ಪಲಿ ಬಿಟ್ಟು ಊರೊಳಗೆ ಕೂರುತ್ತಾನೆ.
ನಾನು ಹೊರಗೆ. ಆರು ವರ್ಷದಿಂದ ನಾನೇ ಹೊರಗೆ.

ಸೋಡಾ ಮುಚ್ಚಳದ ಕಾಲಾಳು ಹನ್ನೊಂದು,
ಮುರಿದ ಬಾಬಿನ್ನಿನ ತೋಪು ಮೂರು,
ಸಂಬಳಕ್ಕೆ ಇನ್ನೆರಡೇ ಸರದಿಯ ದುಡ್ಡು.
ಅವನ ಕಣಜದಲ್ಲಿ ನಾಲ್ಕು ಸರದಿಯ ಕಾಳು.
ಕಾದರೆ ಊರು ತಾನೇ ಬೀಳುತ್ತದೆ, ನಿಜ;
ಅದು ಬೀಳುವ ಹೊತ್ತಿಗೆ ನನ್ನ ದಂಡು
ಸಂತೆ ಮುಗಿದ ಹಾಗೆ ಚೆದುರಿರುತ್ತದೆ.

ಹಾಗಾಗಿ ಇವತ್ತೇ ಏರಬೇಕು.
ಮೂಡಣ ಬಾಗಿಲಲ್ಲಿ ಸುಳ್ಳು ಗದ್ದಲ:
ಎರಡು ತೋಪು, ನಾಲ್ಕು ಮುಚ್ಚಳ.
ಅವನು ಅತ್ತ ಓಡಿದರೆ ಇತ್ತ ನೀರುಬಾಗಿಲು,
ಅಗಸರು ಬಟ್ಟೆ ಹೊತ್ತು ಇಳಿಯುವ ಕಿಂಡಿ,
ಒಬ್ಬೊಬ್ಬರೇ ನುಸುಳುವಷ್ಟು.
ಮೊದಲ ಮೂವರು ಸಾಯುತ್ತಾರೆ. ಅದು ಲೆಕ್ಕದಲ್ಲಿದೆ.
ನಾಲ್ಕನೆಯವನಿಗೆ ಐದೋ ಆರೋ ಬೀಳಬೇಕು.
ಬೀಳದಿದ್ದರೆ
ಹಿಂದೆ ಸರಿಯಲೂ ದಂಡು ಉಳಿಯುವುದಿಲ್ಲ.
ರಾತ್ರಿಯೆಲ್ಲ ಕಣ್ಣು ಮುಚ್ಚಿಕೊಂಡು ಇದನ್ನೇ ನೇಯ್ದೆ;
ಹಾಸು ಸರಿಯಿದೆ, ಹೊಕ್ಕು ಸರಿಯಿದೆ,
ಎಲ್ಲೋ ಒಂದು ಎಳೆ ಮಾತ್ರ ಕೈಗೆ ಸಿಗುತ್ತಿಲ್ಲ.

ಚಾಂದಸಾಬ ನಕಾಶೆ ನೋಡಿದ, ಶೇಂಗಾ ಸಿಪ್ಪೆ ಊದಿದ.
‘ನಿನ್ನ ಊರಾಗ ಮಂದೀನೇ ಇಲ್ಲಲ್ಲೋ ರೇವಣ್ಯಾ?’
ಇದ್ದಾರಲ್ಲ, ಒಂಬತ್ತು ಮುಚ್ಚಳ.
‘ಅವ್ರು ಸಿಪಾಯರು. ನಾ ಕೇಳಿದ್ದು ಮಂದಿ.’

ಎದ್ದು ಹೋಗಿ ಡಬ್ಬಿಯಿಂದ ಹಿಡಿ ಜೋಳ ತಂದ.
ಚೌಕಕ್ಕೊಂದು ಕಾಳು ಇಡುತ್ತ:
‘ಇಕಿ ಬಾಣಂತಿ. ಇಕಿ ಬಾಯಿಬಡಕಿ.
ಇಂವಾ ಪಿಂಜಾರ, ನಮ್ಮಾಂವ, ಹತ್ತಿ ಬಡೀತಿರ್ತಾನ,
ನಿನ್ನ ತೋಪಿನ ಸಪ್ಪಳ ಇಂವಂಗ ಕೇಳೂದಿಲ್ಲ.’
ನೀರುಬಾಗಿಲ ಚೌಕದಲ್ಲಿ ಒಟ್ಟಿಗೇ ಐದು.
‘ಇವ್ರು ನೀರಿಗಿ ನಿಂತಾರ.’

ನಿಯಮ ಬರೆದ ವಹಿಯನ್ನು ತಿರುವಿ ಹಾಕಿದೆ.
ಜೋಳಕ್ಕೆ ನಿಯಮ ಬರೆದಿರಲಿಲ್ಲ.

ಮಿಲ್ಲು ಮುಚ್ಚಿದ ವರ್ಷದ ಮಾತು ಅವನು ಆಡುವುದಿಲ್ಲ.
ಕಣಜದ ಬಿಲ್ಲೆಯನ್ನು ಒಂದು ಮನೆ ಕೆಳಗಿಳಿಸುವಾಗ ಮಾತ್ರ
ಬೆರಳು ತುಸು ತಡೆಯುತ್ತದೆ.
ಅದನ್ನು ಅವನ ದಡ್ಡತನ ಎಂದುಕೊಂಡಿದ್ದೆ,
ಆ ತಡೆಯ ಮೇಲೇ ಎಷ್ಟೋ ಸಲ ಗೆದ್ದಿದ್ದೆ.

ಕೊನೆಗೆ ದಾಳ ಎಸೆದೆ.
ಮೂವರು ಸತ್ತರು, ಲೆಕ್ಕದಂತೆ.
ನಾಲ್ಕನೆಯದು ಹಲಗೆಯ ಅಂಚಿಗೆ ಬಡಿದು
ಮಗ್ಗದ ಕೆಳಗೆ ಉರುಳಿತು.
ಮೊಬೈಲ್ ಬೆಳಕಲ್ಲಿ ಇಬ್ಬರೂ ಬೋರಲು ಮಲಗಿ ಹುಡುಕಿದೆವು:
ನೂಲಿನ ಧೂಳು, ಒಂದು ಸೂಜಿ,
ಯಾರೋ ಅರ್ಧ ಸೇದಿಟ್ಟ ಬೀಡಿ.
‘ಆರು ಬಿದ್ದದ,’ ಅಂದೆ ನಾನು, ಮಲಗಿದಲ್ಲಿಂದಲೇ.
‘ಒಂದು ಬಿದ್ದದ,’ ಅಂದ ಅವನು, ಅಷ್ಟೇ ಖಾತ್ರಿಯಿಂದ.
ಆಟ ಹಾಗೇ ಬಿಟ್ಟು ಎದ್ದೆವು,
ಕಡಕ್ ರೊಟ್ಟಿ ಮುರಿದು ತಿಂದೆವು.

ಶನಿವಾರ ಬೆಳಿಗ್ಗೆ ಕರೆಂಟು ಬಂತು.
ಮಗ್ಗ ಖಟ್ಟೆಂದೊಡನೆ ಹಲಗೆ ನಡುಗಿತು,
ಸಿಪಾಯರು ಸರಿದರು, ಸತ್ತವರೂ ಸರಿದರು,
ಒಂದು ತೋಪು ಮಗ್ಗುಲಾಯಿತು.
ನೀರಿಗೆ ನಿಂತ ಐದರಲ್ಲಿ ಒಂದು ಕಾಳು
ನೀಲಿ ಗೆರೆ ದಾಟಿ ಈಚೆ ಬಂದು
ನಿಂತೇ ಇರುವ ತೋಪಿನ ಬಾಯಿ ಮುಂದೆ ಕೂತಿದೆ.

ಯಾರಿದು?
ಕೇಳಲು ಇನ್ನು ಶುಕ್ರವಾರವೇ.