ಬಗ್ಗದವರು

ಮಡಕಶಿರದ ಸರ್ಕಾರಿ ಆಸ್ಪತ್ರೆಯಲ್ಲಿ
ಹದಿನಾಲ್ಕು ವರ್ಷದಿಂದ ಎಕ್ಸ್‌ರೇ ತೆಗೆಯುತ್ತೇನೆ.
"ಉಸಿರು ಬಿಗಿಹಿಡಿ" ಎಂದು ಎರಡು ಭಾಷೆಯಲ್ಲೂ ಹೇಳಿ ಹೇಳಿ
ಈಗ ಕನಸಲ್ಲೂ ನನ್ನ ಉಸಿರು ಅರ್ಧಕ್ಕೇ ನಿಲ್ಲುತ್ತದೆ.

ಭಾನುವಾರ ಬೆಟ್ಟ ಹತ್ತಿದ್ದೆ.
ಕೋಟೆ ಕಾವಲಿನ ಸಂಜೀವಪ್ಪ
ಓಬಳನಾಯಕನ ಕಲ್ಲು ತೋರಿಸಿದ.
ಸುಲ್ತಾನನೆದುರೂ ತಲೆ ಬಗ್ಗಿಸದವನು,
ಬಗ್ಗದ ನಾಯಕ ಅಂತಲೇ ಹೆಸರು.
ಅಕ್ಕಪಕ್ಕದ ಬಂಟರೆಲ್ಲ ಸೊಂಟ ಬಳುಕಿಸಿ ನಿಂತಿದ್ದಾರೆ,
ಇವನೊಬ್ಬ ಒನಕೆ.

ಕರೆದರೆ ಕತ್ತು ತಿರುಗಿಸುತ್ತಿರಲಿಲ್ಲವಂತೆ,
ಇಡೀ ಮೈಯೇ ತಿರುಗುತ್ತಿತ್ತಂತೆ, ಆನೆಯ ಗತ್ತು.
ಗರ್ಭಗುಡಿಯ ಬಾಗಿಲು ಗಿಡ್ಡ; ಒಳಗೆ ಹೋಗಲಿಲ್ಲ.
"ನರಸಿಂಹನೇ ಹೊರಗೆ ಬಂದ ನೋಡಿ" ಅಂದ ಸಂಜೀವಪ್ಪ,
ಇವತ್ತಿಗೂ ಉತ್ಸವಮೂರ್ತಿ ಹೊಸಿಲ ತನಕ ಬರುತ್ತದೆ.
ಮೂರನೇ ಜಾವಕ್ಕೆ ಎದ್ದು ಕೋಳಿ ಕೂಗುವವರೆಗೆ
ಕೋಟೆ ಸುತ್ತುತ್ತಿದ್ದ, ಕಾವಲುಗಾರರ ಕಾವಲಿಗೆ.
ಕೋಪ ಬಂದರೆ ಕಣ್ಣು ಕೆಂಡ. ಅದೂ ಒಂದೇ ಕಣ್ಣು.
ಬೆಳದಿಂಗಳೂ ಚುಚ್ಚುತ್ತಿತ್ತಂತೆ.

ಒಂದೇ ಕಣ್ಣು ಎಂದಾಗ ನಾನು ಕೂತುಬಿಟ್ಟೆ.

ಮಲಗಿದರೆ ಹೆಚ್ಚುವ ನೋವು, ನಡೆದರೆ ಸಡಿಲ.
ಒಂದಕ್ಕೊಂದು ಬೆಸೆದುಕೊಂಡ ಬೆನ್ನೆಲುಬು,
ಫಿಲ್ಮಿನಲ್ಲಿ ಅದು ಗಿಣ್ಣುಗಿಣ್ಣು ಬಿದಿರು.
ಆದರೆ ಮುನ್ನೂರು ವರ್ಷ ತಡವಾಗಿ ಚೀಟಿ ಬರೆಯಲು
ನಾನು ಡಾಕ್ಟರಲ್ಲ. ಕಲ್ಲಿನೊಳಗೆ ಮೂಳೆಯಿಲ್ಲ.
ಮೂಳೆ ಎಲ್ಲಿ ಹೂತರೋ ಯಾರಿಗೂ ಗೊತ್ತಿಲ್ಲ.
ಬಗ್ಗಲಾರದವನು
ಬಗ್ಗಲೊಲ್ಲದವನೂ ಆಗಿದ್ದಿರಬಹುದಲ್ಲ?
ಸಂಜೀವಪ್ಪನಿಗೆ ಏನೂ ಹೇಳದೆ
ಇಪ್ಪತ್ತು ರೂಪಾಯಿ ಕೊಟ್ಟು ಇಳಿದೆ.

ಅದೇ ಬಿದಿರು ಮಂಗಳವಾರ ಬಂತು.
ಅಮರಾಪುರದ ಕಡೆಯ ಕದಿರೆಪ್ಪ, ಇಪ್ಪತ್ತೇಳು,
ಹಿಂದೂಪುರದ ಹುಣಸೆ ಮಂಡಿಯಲ್ಲಿ ಹಮಾಲಿ.
ಸಾಹುಕಾರ ಬಂದಾಗ ಮಿಕ್ಕವರೆಲ್ಲ ತಲೆ ತಗ್ಗಿಸಿದರೆ
ಇವನು ಸೆಟೆದು ನಿಂತನಂತೆ.
ಕರೆದರೆ ಮೈಯೆಲ್ಲ ತಿರುಗಿಸಿ ದಿಟ್ಟಿಸಿದನಂತೆ.
ಒಂದು ಕಣ್ಣು ಕೆಂಪು. ಕುಡಿದಿದ್ದಾನೆ ಅಂದರು.
ಕೆನ್ನೆಯ ಮೇಲೆ ನಾಲ್ಕು ಬೆರಳು ಇನ್ನೂ ಇದ್ದವು.

ಪ್ಲೇಟು ಒಣಗುವಷ್ಟರಲ್ಲಿ ನಾಯಕನ ಕಥೆ ಶುರುಮಾಡಿದೆ.
ಅವನು ಕೇಳಲಿಲ್ಲ. ಗುಂಡಿ ಹಾಕಿಕೊಳ್ಳುತ್ತಾ,
ಕೆಳಗಿನ ಗುಂಡಿ ಕಾಣದೆ ಬೆರಳಲ್ಲೇ ಹುಡುಕುತ್ತಾ ಅಂದ:
"ಅಕ್ಕಾ, ರೋಗದ ಹೆಸರು ಏನಾದ್ರೂ ಆಗ್ಲಿ,
ಸೊಕ್ಕಲ್ಲ ಅಂತ ಡಾಕ್ಟರ ಹತ್ರ ಬರೆಸ್ಕೊಡಿ.
ತೆಲುಗಲ್ಲಿ. ಸಾಹುಕಾರಂಗೆ ಕನ್ನಡ ಓದಕ್ಕೆ ಬರಲ್ಲ."

ಸೊಕ್ಕಿಗೆ ತೆಲುಗಲ್ಲಿ ಏನನ್ನುತ್ತಾರೆ?
ಪೊಗರು.
ನಮ್ಮಲ್ಲೂ ಅದೇ.