ಒಂದೇ ತಟ್ಟೆ

ಬೋಣಿಗೂ ಮುಂಚೆ ಬಂದ ಮಮದ್‌ಶೋ,
ಖೊರೋಗಿನ ಸಂತೆಗೆ, ನನ್ನ ತಕ್ಕಡಿ ಕೇಳಿಕೊಂಡು.
"ಒಣ ಏಪ್ರಿಕಾಟು ತೂಗುವುದು ಕಬ್ಬಿಣ ತೂಗದೇ?"

ತಟ್ಟೆಯ ಅಡಿಗೆ ಮೇಣ, ಮೇಣದೊಳಗೆ ಸೀಸದ ಗುಂಡು:
ಗಂಡ ಹೋದ ವರ್ಷ ನಾನೇ ಅಂಟಿಸಿದ್ದು.
ಇಲ್ಲ ಎನ್ನಲು ಬಾಯಿ ಬರಲಿಲ್ಲ.
ತಕ್ಕಡಿಯ ಹಿಂದೆಯೇ ಹೋದೆ, ಕಾವಲಿಗೆ.

ನದಿದಂಡೆಯ ಶೆಡ್ಡಿನಲ್ಲಿ
ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು ಟ್ರ್ಯಾಕ್ಟರು.
ಗೋಣಿಯ ಮೇಲೆ ನಾಲ್ಕು ಕನೆಕ್ಟಿಂಗ್ ರಾಡು,
ಮೂರು ಒಡಹುಟ್ಟಿದವು,
ನಾಲ್ಕನೆಯದು ಮುರ್ಗಾಬಿನಲ್ಲಿ ಸತ್ತ ಇನ್ನಾವುದೋ ಇಂಜಿನ್ನಿನದು.
ಒಂದೊಂದಕ್ಕೂ ಅದರದೇ ಕ್ಯಾಪು, ಅದರದೇ ನಂಬರು.
"ಒಂದರ ಟೋಪಿ ಇನ್ನೊಂದಕ್ಕೆ ಹಾಕಬಾರದು" ಎಂದ.
ನಾನು ತಲೆವಸ್ತ್ರ ಸರಿಮಾಡಿಕೊಂಡೆ.

ಸಣ್ಣ ಕಣ್ಣಿಗೆ ದಾರ ಕಟ್ಟಿ ತೂಗುಬಿಟ್ಟು
ದೊಡ್ಡ ಕಣ್ಣನ್ನು ತಟ್ಟೆಗೆ ಒರಗಿಸಿದ.
ಬೊಟ್ಟು ಇಟ್ಟ, ತೆಗೆದ, ಮತ್ತೆ ಇಟ್ಟ.
ಆಮೇಲೆ ತಿರುಗಿಸಿ ಅದೇ ಕೆಲಸ.
ಮೈತೂಕ ಒಂದಾದರೆ ಸಾಲದಂತೆ,
ತಲೆಗೆ ತಲೆ, ಬುಡಕ್ಕೆ ಬುಡ ಸಮನಾಗಬೇಕಂತೆ,
ಇಲ್ಲವೆಂದರೆ ಏರಿನಲ್ಲಿ ಕ್ರ್ಯಾಂಕು ನಡುಗುತ್ತದಂತೆ,
ಸಿಟ್ಟು ನುಂಗಿದವನ ಮೊಣಕಾಲಿನ ಹಾಗೆ.

"ಹಗುರಾದದ್ದೇ ಇಲ್ಲಿ ಯಜಮಾನ.
ಮಿಕ್ಕವು ಕರಗಿ ಅದರ ಮಟ್ಟಕ್ಕೆ ಬರಬೇಕು.
ಕೆರೆಯಬಹುದು ನೋಡು ಸವ್ರಿನಿಸ್ಸೋ,
ಅಂಟಿಸಲಾಗದು."

ಮುರ್ಗಾಬಿನದು ಮೂವತ್ತೊಂದು ಗ್ರಾಂ ಹೆಚ್ಚು.
ಅರ ಹಿಡಿದು ಉದ್ದಕ್ಕೇ ಉಜ್ಜಿದ.
ಅಡ್ಡಗೀರು ಬಿದ್ದರೆ ಸೀಳು ಹುಟ್ಟುವುದು ಅಲ್ಲೇ.
ಉಜ್ಜುವುದು, ಒರೆಸುವುದು, ತೂಗುವುದು;
ಉಪ್ಪು ಹಾಕಿದ ಹಾಲುಚಹ ಎರಡು ಸಲ ಆರಿತು.
ಎಂಟು ಗ್ರಾಂ ಉಳಿದಾಗ ತಡೆಯಲಾಗಲಿಲ್ಲ ನನಗೆ.

"ಈ ತಟ್ಟೆ ಸುಳ್ಳು ಹೇಳುತ್ತದೆ."
"ಎಷ್ಟು?"
"ಏಳು ಗ್ರಾಂ."

ಅರ ನಿಲ್ಲಲಿಲ್ಲ.
"ನಾಲ್ಕಕ್ಕೂ ಅದೇ ಏಳು ತಾನೇ?
ನಾಲ್ಕನ್ನೂ ಈ ಒಂದೇ ತಟ್ಟೆಯಲ್ಲಿ ಇಟ್ಟದ್ದು ಮತ್ಯಾಕೆ.
ನನಗೆ ಬೇಕಾದ್ದು ತೂಕವಲ್ಲ, ವ್ಯತ್ಯಾಸ.
ಎಲ್ಲರಿಗೂ ಒಂದೇ ಸುಳ್ಳು ಹೇಳುವ ತಟ್ಟೆ
ಇಂಜಿನ್ನಿಗೆ ಸಾಕು."

ಇಂಜಿನ್ನಿಗೆ, ಎಂದ.
ನನ್ನ ಗಿರಾಕಿಗಳ ಮಾತೆತ್ತಲಿಲ್ಲ.

ಒಂಬತ್ತನೆಯ ದಿನ ಟ್ರ್ಯಾಕ್ಟರು ಗೊಬ್ಬರ ಹೇರಿಕೊಂಡು
ಗುಂತ್ ಕಣಿವೆಯ ಏರು ಹತ್ತಿತು, ಸದ್ದು ಸಪಾಟಾಗಿ.
ಮಾರನೆಯ ಬೆಳಿಗ್ಗೆ ಅವನು ಸಂತೆಯಲ್ಲಿ:
ಅರ್ಧ ಕಿಲೋ, ಬೀಜ ತೆಗೆದದ್ದು.
ಉಗುರಿನ ಸಂದಿಯಲ್ಲಿ ಇನ್ನೂ ಕಬ್ಬಿಣದ ಪುಡಿ.
ಹಣ್ಣು ಸುರಿಯಲು ಹೋದೆ, ಕೈ ತಡೆದ.
"ಬೊಟ್ಟು ಆ ತಟ್ಟೆಗೆ,
ಹಣ್ಣು ಈ ಕಡೆಯದಕ್ಕೆ."

ಹಾಗೇ ತೂಗಿದೆ.
ಆ ದಿನದ ಬೋಣಿ ಅದು.